ಅಂಗಿ ಮೈಗೆ ತಾಗಿದ ಮಧ್ಯಾಹ್ನ

ಮಧ್ಯಾಹ್ನ ಹನ್ನೆರಡು ಮುಕ್ಕಾಲಿಗೆ ಅಣ್ಣನ ನೋವು ನಿಂತಿತು. ಎಲ್ಲ ಕೆಡತೊಡಗಿದ್ದು ಅಲ್ಲಿಂದಲೇ.

ಗಂಟೆ ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಅಮ್ಮ ಕಾರಣ. ಕುಕ್ಕರಿನ ಸೀಟಿಯನ್ನು ಅವಳು ಯಾವತ್ತೂ ನಂಬಿದವಳಲ್ಲ. ಒಳಗಿನಿಂದ, "ಸುಮಾ, ಗಂಟೆ ಎಷ್ಟಾಯ್ತು ನೋಡು, ಅನ್ನ ಇಳಿಸ್ಲಿಕ್ಕೆ ಉಂಟು" ಎಂದಳು. ನಾನು ಗೋಡೆಯ ಗಡಿಯಾರ ನೋಡಿದೆ. ಗಡಿಯಾರದ ಕೆಳಗೆ ಕೈ ತೊಳೆಯುವ ಬೇಸಿನ್. ಬೇಸಿನ್ ಎದುರು ಅಣ್ಣ ನಿಂತಿದ್ದ. ಅವನ ಎರಡೂ ಕೈ ನಲ್ಲಿಯ ಕೆಳಗಿದ್ದವು.

ಎರಡೂ ಕೈ. ಅದನ್ನು ಕಂಡು ನಾನು ಗಂಟೆ ಹೇಳುವುದನ್ನೇ ಮರೆತೆ.

ಅದಕ್ಕೆ ಮೂರು ವರ್ಷ ಹಿಂದೆ ಅಣ್ಣನಿಗೆ ಎಡಗಡೆಯ ಪಕ್ಕೆಯಲ್ಲಿ ಸರ್ಪಸುತ್ತು ಆಗಿತ್ತು. ಇಲ್ಲಿ, ಮುಂಬಯಿ ಕಡೆಯ ಮರಾಠಿಯವರು ಅದಕ್ಕೆ ನಾಗಿಣ ಎನ್ನುತ್ತಾರೆ. ಊರಿನವರಿಗೂ ಇಲ್ಲಿಯವರಿಗೂ ಹಾವೇ ಕಂಡಿದೆ. ಸುತ್ತಿನ ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಕೆಳಗಿನ ಮನೆಯ ಆಜಿ ಹೆದರಿಸಿದ್ದರು, ಅಮ್ಮ ಊರಿಗೆ ಫೋನು ಮಾಡಿ ಆಶ್ಲೇಷಾ ಬಲಿ ಮಾಡಿಸಿದ್ದಳು. ಸುತ್ತು ಕೂಡಲಿಲ್ಲ. ಗುಳ್ಳೆಗಳು ಒಣಗಿದವು, ಹಕ್ಕಳೆ ಉದುರಿತು, ಚರ್ಮ ಮೊದಲಿನಂತಾಯಿತು. ಉರಿ ಮಾತ್ರ ಹೋಗಲಿಲ್ಲ. ಹಾವು ಹೋದರೂ ನರದಲ್ಲಿ ಅದು ಹರಿದ ಗುರುತು ಉಳಿಯುತ್ತದೆ ಎಂದು ಒಬ್ಬ ಡಾಕ್ಟರು ಹೇಳಿದರು. ಅಂಗಿಯ ಬಟ್ಟೆ ಸವರಿದರೆ ಬೆಂಕಿ. ಫ್ಯಾನಿನ ಗಾಳಿ ತಾಗಿದರೆ ಬೆಂಕಿ. ಅಣ್ಣನದು ಠಾಣೆ ಊರಿನ ನಾಕಾದಲ್ಲಿ, ರಸ್ತೆಗಳು ಕೂಡುವ ಕಡೆ, ಪಾಲುದಾರಿಕೆಯ ಮೀನೂಟದ ಹೋಟೆಲು. ಮನೆಯಿರುವ ಡೊಂಬಿವಲಿಯಿಂದ ಅಲ್ಲಿಗೆ ಬೆಳಗಿನ ಗಾಡಿಯಲ್ಲಿ ಹೋಗುವವನಿಗೆ ಪಕ್ಕೆಗೆ ಯಾರೂ ತಾಗದಿರಲಿ ಎಂದರೆ ಆಗುತ್ತದೆಯೆ? ದಿವಾ ಸ್ಟೇಷನ್ನಿನಲ್ಲಿ ನುಗ್ಗುವ ಜನ ಅವನನ್ನು ಒತ್ತಿದಾಗ ಅವನು ಕೂಗುತ್ತಿದ್ದ. ಜನ ಕುಡುಕನೆಂದು ತಿಳಿಯುತ್ತಿದ್ದರು. ಕೊನೆಗೆ ಜನ ಕಡಿಮೆಯಿರುವ ಹನ್ನೊಂದರ ಗಾಡಿ ಹಿಡಿಯತೊಡಗಿದ.

ಹೀಗೆ ಅವನಿಗೆ ಒಂದು ಅಭ್ಯಾಸ ಬಂದಿತ್ತು. ಎಡಗೈಯ ಎರಡು ಬೆರಳಿನಲ್ಲಿ ಅಂಗಿಯನ್ನು ಪಕ್ಕೆಯಿಂದ ಎತ್ತಿ ಹಿಡಿದೇ ಇರುವುದು. ಗಲ್ಲಾದಲ್ಲಿ ಕೂತಾಗ, ನಡೆಯುವಾಗ, ಉಣ್ಣುವಾಗ, ಯಾವಾಗಲೂ. ಹೆಂಗಸರು ಕೆಸರಿನಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿಯುವ ಹಾಗೆ. ಹೋಟೆಲಿನ ಗಿರಾಕಿಗಳು, "ಶೇಟ್, ಗರ್ಮಿ ಹೋ ರಹೀ ಹೈ ಕ್ಯಾ?" ಎಂದು ಸೆಕೆಯ ಮಾತೆತ್ತಿ ನಗುತ್ತಿದ್ದರು. ಅವನ ಮಗಳು ಶ್ರೇಯಾಳ ಹತ್ತನೆಯ ಕ್ಲಾಸಿನಿಂದ ಈಚಿನ ಫೋಟೋಗಳಲ್ಲೆಲ್ಲ ಅವನು ಹಾಗೆಯೇ ನಿಂತಿದ್ದಾನೆ.

ಆ ಭಾನುವಾರ ಅಂಗಿ ಪಕ್ಕೆಗೆ ಅಂಟಿಕೊಂಡಿತ್ತು.

"ಅಣ್ಣ, ನಿನ್ನ ಕೈ!" ಎಂದೆ.

ಅವನು ತಗ್ಗಿ ತನ್ನ ಅಂಗಿ ನೋಡಿಕೊಂಡ. ಅಂಗೈಯಿಂದ ಪಕ್ಕೆಯನ್ನು ಮೆಲ್ಲಗೆ ಒತ್ತಿದ. ಮತ್ತೆ ಜೋರಾಗಿ ಒತ್ತಿದ. ಮುಖದಲ್ಲಿ ಒಂದು ನಗು ಬಂತು. "ಇಲ್ಲ ಮಾರಾಯ್ತಿ. ನೋವೇ ಇಲ್ಲ. ಎಂತ ಇದು?"

ಅತ್ತಿಗೆ ಓಡಿ ಬಂದರು. ಅಮ್ಮ ಸೌಟು ಹಿಡಿದುಕೊಂಡೇ ಬಂದು, "ನಾನು ಹೇಳ್ಲಿಲ್ಲವಾ, ನಾಗ ಕೈ ಬಿಡುದಿಲ್ಲ ಅಂತ" ಎಂದು ಕಣ್ಣು ಒರೆಸಿಕೊಂಡಳು. ನಾವು ನಾಲ್ಕು ಜನ ಆ ಬೇಸಿನ್ ಸುತ್ತ ನಿಂತು ನಗುತ್ತಿದ್ದೆವು.

ಬೇಸಿನ್‌ನಲ್ಲಿ ಒಂದು ಶಂಖವಿತ್ತು. ನಾರಳಿ ಪೌರ್ಣಿಮೆ ಕಳೆದು ದೋಣಿಗಳು ಮತ್ತೆ ಕಡಲಿಗೆ ಇಳಿದ ಹೊಸತು. ಹೋಟೆಲಿಗೆ ಮೀನು ಕೊಡುವ, ಇಲ್ಲಿಯ ಮೀನುಗಾರರಾದ ಕೋಳಿ ಜನರ ಹೆಂಗಸು, ನಾವು ಮಾವಶಿ ಎನ್ನುವವರು, ದಕ್ಷಿಣದ ಕೊಂಕಣ ಕಡೆಯಿಂದ ಬಂದ ಮರುವಾಯಿ, ಅಂದರೆ ಚಿಪ್ಪುಮೀನಿನ ಚೀಲವೊಂದನ್ನು ಕೊಟ್ಟಿದ್ದರು. ಅದರಲ್ಲಿ ಸ್ವಲ್ಪವನ್ನು ಅಣ್ಣ ಮನೆಗೆ ತಂದಿದ್ದ. ನಾನು ಇರುವ ಘಣಸೋಲಿಯಿಂದ ಬಂದದ್ದೂ ಆ ಮರುವಾಯಿ ಸುಕ್ಕದ ಆಸೆಗೆ. ತೊಳೆಯಲು ಸುರಿದಾಗ ಚಿಪ್ಪುಗಳ ನಡುವೆ ಇದು ಸಿಕ್ಕಿತ್ತು. ಬೆರಳುದ್ದ, ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪು. ಮೈ ತುಂಬ ಕಂದು ಬಣ್ಣದ ಚಿತ್ತಾರ, ಎತ್ತರದಲ್ಲಿ ನಿಂತು ಹೆಂಚಿನ ಮಾಡುಗಳನ್ನು ನೋಡಿದ ಹಾಗೆ. ಅಮ್ಮ, "ದೇವರ ಕೋಣೆಗೆ ಆಯ್ತು, ಚೆಂದ ತೊಳ್ದು ಕೊಡು ಮಗಾ" ಎಂದಿದ್ದಳು. ಅಣ್ಣ ಅದರ ಬಾಯಿಗೆ ಬೆರಳು ಹಾಕಿ ಹೊಯಿಗೆ ತೆಗೆಯುತ್ತಿದ್ದಾಗ ಏನೋ ಚುಚ್ಚಿತಂತೆ. ಮುಳ್ಳಿರಬೇಕು ಎಂದು ಅವನು ಅದನ್ನು ಅಲ್ಲಿಗೇ ಮರೆತಿದ್ದ.

ಊಟಕ್ಕೆ ಕೂತೆವು. ಅಣ್ಣ ಮೊದಲ ತುತ್ತು ಬಾಯಿಗಿಟ್ಟ, ಅದು ತುಟಿಯ ಅಂಚಿನಿಂದ ಜಾರಿ ಬಟ್ಟಲಿಗೆ ಬಿತ್ತು. "ತುಟಿ ದಪ್ಪ ಆದ ಹಾಗೆ ಉಂಟು" ಎಂದ. ಎರಡನೆಯದೂ ಬಿತ್ತು. ಶ್ರೇಯಾ ನಕ್ಕು, "ಪಪ್ಪಾ, ಬೇಬೀ ಬನ್ ಗಯೇ ಕ್ಯಾ?" ಎಂದಳು. ಅವನು ಅವಳ ಕಡೆ ನೋಡಿದ. ರೆಪ್ಪೆಗಳು ಅರ್ಧ ಇಳಿದಿದ್ದವು, ಎತ್ತಲು ಹೆಣಗುತ್ತಿದ್ದ. ಉತ್ತರ ಕೊಟ್ಟ, ಆದರೆ ಮಾತು ಬಾಯಲ್ಲಿ ಹಿಟ್ಟು ತುಂಬಿಕೊಂಡವನ ಹಾಗಿತ್ತು.

ಅಮ್ಮ ಎದ್ದು ನಿಂತಳು. "ಅಯ್ಯೋ, ಮದ್ದು! ನಿನ್ನೆ ಆ ಪಾಲುದಾರನ ಮನೆಯಲ್ಲಿ ಉಂಡು ಬಂದಿದ್ದಾನೆ. ಮದ್ದು ಹಾಕಿದ್ದಾರೆ ನನ್ನ ಮಗನಿಗೆ!"

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಗದವರು ಊಟದಲ್ಲಿ ಕೈಮದ್ದು ಬೆರೆಸುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ತಿನ್ನುತ್ತದೆ, ಕಕ್ಕಿಸಿದರೆ ಮಾತ್ರ ಬಿಡುತ್ತದೆ. ಅಮ್ಮ ಮುಂಬಯಿ ಕಡೆಗೆ ಬಂದು ನಲವತ್ತು ವರ್ಷವಾದರೂ ಈ ಭಯ ಜೊತೆಗೇ ಬಂದಿತ್ತು. ನಾನು ನೀರು ತರುವಷ್ಟರಲ್ಲಿ ಅವಳು ಲೋಟದಲ್ಲಿ ಉಪ್ಪು ಕಲಸಿ, ಅಣ್ಣನ ತಲೆ ಹಿಂದಕ್ಕೆ ಬಗ್ಗಿಸಿ ಬಾಯಿಗೆ ಹೊಯ್ದಾಗಿತ್ತು. ಅವನಿಗೆ ನುಂಗಲಾಗಲಿಲ್ಲ. ಉಪ್ಪು ನೀರು ಮೂಗಿನಿಂದ ಬಂತು. ಕೆಮ್ಮಬೇಕಿತ್ತು, ಕೆಮ್ಮೂ ಬರಲಿಲ್ಲ. ಕಣ್ಣು ಮಾತ್ರ ದೊಡ್ಡದಾಯಿತು. ನಾನು ಲೋಟ ಕಿತ್ತುಕೊಂಡು ಅವನನ್ನು ಮುಂದಕ್ಕೆ ಬಗ್ಗಿಸಿ ಬೆನ್ನು ಗುದ್ದಿದೆ. ನೀರು ಚೆಲ್ಲಿ ಹೋಯಿತು, ಉಸಿರು ಸಿಳ್ಳೆಯಂತೆ ಒಳಗೆ ಹೋಯಿತು.

ಶ್ರೇಯಾಳನ್ನು ಮನೆಯಲ್ಲೇ ಇರು ಎಂದು ಹೇಳಿ ಮೂವರು ಹೆಂಗಸರು ಅವನನ್ನು ಇಳಿಸಿ ರಿಕ್ಷಾ ಹತ್ತಿಸಿದೆವು. ರಸ್ತೆ ಅಗೆದು ಹಾಕಿದ್ದರು. ರಿಕ್ಷಾದವನು ಒಮ್ಮೆ ಹಿಂದೆ ತಿರುಗಿ ನೋಡಿ, ಆಮೇಲೆ ಏನೂ ಕೇಳದೆ ಎದುರು ದಿಕ್ಕಿನ ಪಟ್ಟಿಯಲ್ಲಿ ನುಗ್ಗಿಸಿದ. ಅಣ್ಣನ ತಲೆ ಎದೆಗೆ ಬೀಳುತ್ತಿತ್ತು, ನಾನು ಗಲ್ಲವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದೆ. "ಎಳಿ ಅಣ್ಣ, ಉಸಿರು ಎಳಿ. ಇನ್ನೊಂದು. ಇನ್ನೊಂದು." ಹೊಂಡಕ್ಕೆ ಬಿದ್ದಾಗಲೆಲ್ಲ ಅವನ ಎಡ ಪಕ್ಕೆ ನನ್ನ ಮೊಣಕೈಗೆ ಬಡಿಯುತ್ತಿತ್ತು. ಅವನು ಕೂಗಲಿಲ್ಲ. ಕೂಗಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. "ಕ್ಯಾ ಹುವಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಅವರ ಕೈ ಹಿಡಿದುಕೊಂಡಳು. "ಕಿಸೀನೇ ದವಾ ದಿಯಾ, ಡಾಕ್ಟರ್. ಮೇರೆ ಬೇಟೇ ಕೋ ದವಾ ದಿಯಾ!"

ಮದ್ದಿಗೆ ಹಿಂದಿಯಲ್ಲಿ ದವಾ. ಅಮ್ಮನಿಗೆ ಗೊತ್ತಿದ್ದದ್ದು ಅಷ್ಟೇ.

"ಕೌನ್ಸೀ ದವಾ? ಕಿತ್ನೀ ಗೋಲಿಯಾಂ ಲೀ?" ಯಾವ ಔಷಧಿ, ಎಷ್ಟು ಮಾತ್ರೆ ನುಂಗಿದ್ದಾರೆ ಎಂದು ಅವರು ಕೇಳಿದರು.

ಅತ್ತಿಗೆ ಪರ್ಸಿನಿಂದ ಅಣ್ಣನ ನರದ ಮಾತ್ರೆಯ ಪಟ್ಟಿ ತೆಗೆದು ಕೊಟ್ಟರು. ಪಟ್ಟಿ ಅರ್ಧ ಖಾಲಿ. ಡಾಕ್ಟರಮ್ಮ ಅದನ್ನು ನೋಡಿದರು, ಅಣ್ಣನ ಇಳಿದ ರೆಪ್ಪೆ ನೋಡಿದರು. ಧ್ವನಿ ತಗ್ಗಿಸಿ ಅತ್ತಿಗೆಯನ್ನು ಕೇಳಿದರು, "ಪರೇಶಾನ್ ಥೇ ಕ್ಯಾ? ಪೆಹಲೇ ಕಭೀ ಐಸಾ ಕುಛ್ ಬೋಲಾ ಥಾ?" ಮನಸ್ಸು ಕೆಟ್ಟಿತ್ತಾ, ಹಿಂದೆ ಯಾವಾಗಲಾದರೂ ಸಾಯುವ ಮಾತು ಆಡಿದ್ದರಾ ಎಂದು.

ಅತ್ತಿಗೆ ಅಳತೊಡಗಿದರು. ಯಾಕೆಂದರೆ ಅಣ್ಣ ಹೇಳಿದ್ದ. ಆ ಮಳೆಗಾಲದಲ್ಲೇ ಒಮ್ಮೆ, ಹೀಗೆ ಉರಿದು ಬದುಕುವುದಕ್ಕಿಂತ ಸತ್ತರೆ ಸುಖ ಎಂದು. ಎಲ್ಲ ಸರಿಯಾಗಿ ಕೂಡಿ ಬಂದು ಒಂದು ಸುಳ್ಳು ನಿಜವಾಗುತ್ತಿತ್ತು. ಹೊಟ್ಟೆ ತೊಳೆಯಲು ನಳಿಗೆ ತಂದರು.

"ಡಾಕ್ಟರ್, ದವಾ ಅಲ್ಲ" ಎಂದೆ. "ನಮ್ಮ ಭಾಷೆಯಲ್ಲಿ ಮದ್ದು ಅಂದರೆ..." ಮುಂದೆ ಏನು ಹೇಳುವುದು? ನಾನು ಘಣಸೋಲಿಯ ಒಂದು ಔಷಧ ಕಂಪನಿಯಲ್ಲಿ ಲೇಬಲು ಪರೀಕ್ಷಿಸುವವಳು. ಒಂದೊಂದು ಮಾತ್ರೆಯ ಪಟ್ಟಿಯ ಮೇಲಿನ ಅಕ್ಷರವನ್ನೂ ಮೂರು ಸಲ ಓದುವುದು ನನ್ನ ಕೆಲಸ. ಮದ್ದು ಎನ್ನುವ ಒಂದು ಶಬ್ದಕ್ಕೆ ಆ ಹೊತ್ತು ನನ್ನ ಹತ್ತಿರ ಇನ್ನೊಂದು ಶಬ್ದವಿರಲಿಲ್ಲ. "ಜಹರ್" ಎಂದುಬಿಟ್ಟೆ, ವಿಷ ಎಂದು. "ಜಹರ್? ಕಿಸ್ನೇ ದಿಯಾ?" ಎಂದು ಪಕ್ಕದ ನರ್ಸು ಪೋಲೀಸರಿಗೆ ತಿಳಿಸುವ ಮಾತೆತ್ತಿದಳು.

ಆಗ ಅಣ್ಣ ಕೈ ಎತ್ತಿದ. ಎತ್ತಿದ ಅನ್ನುವುದು ಹೆಚ್ಚಾಯಿತು. ಮಂಚದ ಮೇಲೆ ಬಲಗೈ ಸ್ವಲ್ಪ ಸರಿಯಿತು, ತೋರುಬೆರಳು ನೆಟ್ಟಗಾಯಿತು. ಕಣ್ಣು ನನ್ನ ಮೇಲಿತ್ತು. ನಾನು ಬೆರಳನ್ನು ದೀಪಕ್ಕೆ ಹಿಡಿದು ನೋಡಿದೆ. ತುದಿಯಲ್ಲಿ ಸೂಜಿ ತಾಗಿದಂತೆ ಒಂದು ಚುಕ್ಕೆ, ಸುತ್ತ ಬಿಳಿಚಿದ ಚರ್ಮ.

ಶಂಖ.

ಮನೆಗೆ ಫೋನು ಮಾಡಿದೆ. "ಶ್ರೇಯಾ, ಬೇಸಿನ್‌ನಲ್ಲಿ ಆ ಶಂಖ ಉಂಟಲ್ಲ..."

"ಹಾಂ ಆತ್ಯಾ, ಮೇರೇ ಹಾಥ್ ಮೇ ಹೀ ಹೈ. ಆತ್ಯಾ, ವೋ ಜಿಂದಾ ಹೈ! ಅಂದರ್ ಸೇ ಕುಛ್ ನಿಕಲ್ ರಹಾ ಹೈ, ಪೈಪ್ ಜೈಸಾ." ಶಂಖ ಅವಳ ಕೈಯಲ್ಲೇ ಇತ್ತು, ಜೀವಂತವಾಗಿ, ಒಳಗಿನಿಂದ ಕೊಳವೆಯಂಥದ್ದೇನೋ ಹೊರಗೆ ಬರುತ್ತಿತ್ತು.

ಇಷ್ಟು ತಿಂಗಳಾದ ಮೇಲೂ ನನ್ನನ್ನು ನಿದ್ದೆಯಿಂದ ಎಬ್ಬಿಸುವುದು ಅಣ್ಣನ ಮೂಗಿನಿಂದ ಬಂದ ನೀರಲ್ಲ, ಈ ಮಾತು. ನಾನು ಯಾವ ಭಾಷೆಯಲ್ಲಿ ಕಿರುಚಿದೆನೋ ಗೊತ್ತಿಲ್ಲ. ಆ ಕಡೆ ನೆಲಕ್ಕೆ ಏನೋ ಬಿದ್ದ ಸದ್ದಾಯಿತು. "ಬಿಸಾಡಿದೆ ಆತ್ಯಾ" ಎಂದಳು. ನಾನು ಅವಳ ಬಾಯಲ್ಲಿ ಕನ್ನಡ ಕೇಳಿದ್ದು ಅಪರೂಪ.

ಅದರ ಮೇಲೆ ಬಕೆಟು ಮಗುಚಿ ಹಾಕಿ ಮುಚ್ಚುವ ಮೊದಲು ಅವಳು ದೂರದಿಂದ ಒಂದು ಫೋಟೋ ತೆಗೆದು ಕಳಿಸಿದಳು. ಅದು ತೆರೆದುಕೊಂಡಾಗ ನನಗೆ ಕಾಲೇಜಿನ ಪ್ರಯೋಗಶಾಲೆಯ ಗಾಜಿನ ಜಾಡಿ ನೆನಪಾಯಿತು. ಪ್ರಾಣಿಶಾಸ್ತ್ರದ ಪರೀಕ್ಷೆಯಲ್ಲಿ ಜಾಡಿ ನೋಡಿ ಹೆಸರು ಬರೆಯಬೇಕಿತ್ತು. "ಕೋನಸ್" ಎಂದೆ. "ಡಾಕ್ಟರ್, ಇದು ಕೋನಸ್. ವಿಷದ ಹಲ್ಲಿರುವ ಬಸವನಹುಳು." ಡಾಕ್ಟರಮ್ಮ ಫೋಟೋ ನೋಡಿದರು, ತಮ್ಮ ಫೋನಿನಲ್ಲಿ ಏನೋ ಓದಿದರು, ಓದುತ್ತಲೇ ಹೊಟ್ಟೆಯ ನಳಿಗೆ ಬದಿಗಿಡಿ ಎಂದು ಕೈ ಮಾಡಿದರು. "ಇದಕ್ಕೆ ಎದುರು ಮದ್ದಿಲ್ಲ. ಇಳಿಯುವವರೆಗೆ ಅವರ ಬದಲು ನಾವು ಉಸಿರಾಡಬೇಕು, ಅಷ್ಟೇ" ಎಂದು ಹಿಂದಿಯಲ್ಲಿ ಹೇಳಿ, ಅವನ ಗಂಟಲಿಗೆ ನಳಿಗೆ ಇಳಿಸಿ ಉಸಿರಿನ ಯಂತ್ರಕ್ಕೆ ಜೋಡಿಸಿದರು.

ಮೂರನೆಯ ದಿನ ನಳಿಗೆ ತೆಗೆದರು. ಅಣ್ಣನ ಎಡಗೈ ಮೆಲ್ಲಗೆ ಹೊಟ್ಟೆಯ ಮೇಲಿನಿಂದ ಹರಿದುಕೊಂಡು ಹೋಗಿ, ಆಸ್ಪತ್ರೆಯ ಹಸಿರು ಅಂಗಿಯನ್ನು ಎರಡು ಬೆರಳಿನಲ್ಲಿ ಎತ್ತಿತು.

"ಬಂತು ಸುಮಾ" ಎಂದ, ಒಡೆದ ಗಂಟಲಿನಲ್ಲಿ. "ವಾಪಸ್ ಬಂತು."

ಅಮ್ಮ ಜೀವ ವಾಪಸ್ ಬಂತು ಎಂದು ತಿಳಿದು ಕೈ ಮುಗಿದಳು. ಅವನು ಹೇಳಿದ್ದು ಉರಿಯ ಮಾತು.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ನಮ್ಮ ಜೊತೆ ಸ್ವಲ್ಪ ಹೊತ್ತು ಕೂತರು. ಈ ಬಸವನಹುಳು ಮೀನನ್ನೋ ಹುಳವನ್ನೋ ಕ್ಷಣದಲ್ಲಿ ಮರಗಟ್ಟಿಸಿ ತಿನ್ನುತ್ತದೆ, ಅದರ ವಿಷದಲ್ಲಿ ನೂರಾರು ಬಗೆಯ ಅಂಶಗಳಿವೆ, ಒಂದೊಂದೂ ಒಂದೊಂದು ನರದ ಬಾಗಿಲಿಗೆ ಬೀಗ ಹಾಕುತ್ತದೆ ಎಂದರು. ಇದೇ ಜಾತಿಯ ಇನ್ನೊಂದು ಹುಳದ ವಿಷದಲ್ಲಿ ಕಂಡ ಒಂದು ಅಂಶವನ್ನೇ ಅನುಕರಿಸಿ ನೋವಿನ ಔಷಧಿ ಮಾಡಿದ್ದಾರೆ, ಬೇರೆ ಯಾವುದಕ್ಕೂ ಬಗ್ಗದ ನೋವಿಗೆ ಬೆನ್ನುಹುರಿಯ ನೀರಿಗೆ ಹನಿಹನಿಯಾಗಿ ಬಿಡುತ್ತಾರೆ, ಹನಿ ಹೆಚ್ಚಾದರೆ ಬುದ್ಧಿ ತಪ್ಪುತ್ತದೆ, ಸುಲಭವಾಗಿ ಸಿಗುವಂಥದ್ದೂ ಅಲ್ಲ. ಅವರು ಸಮಾಧಾನಕ್ಕೆಂದು ಹೇಳಿದ್ದು. ಅತ್ತಿಗೆ ತಲೆಯಾಡಿಸುತ್ತಿದ್ದರು. ಅಣ್ಣ ಮಾತ್ರ ಮೊದಲ ಬಾರಿಗೆ ನೆಟ್ಟಗೆ ಕೂತು ಕೇಳಿದ. "ಅಂದ್ರೆ ಆವತ್ತು ನನ್ನ ನೋವು ಹೋದದ್ದು ಭ್ರಮೆ ಅಲ್ಲ."

ಗಣಪತಿ ಬಂದು ಹೋದ. ಮಳೆ ಬಿಟ್ಟಿತು. ನಾನು ಮತ್ತೆ ಘಣಸೋಲಿ, ಲೇಬಲು, ಸಂಜೆಯ ಗಾಡಿ. ಫ್ಯಾಕ್ಟರಿಯಲ್ಲಿ ಪ್ರಮಾಣ ಎಂಬ ಶಬ್ದದ ಮೇಲೆ ಕಣ್ಣು ಬಿದ್ದಾಗಲೆಲ್ಲ ಮೂರರ ಬದಲು ನಾಲ್ಕು ಸಲ ಓದುತ್ತಿದ್ದೆ. ಅಣ್ಣ ಹೋಟೆಲಿಗೆ ಹೋಗತೊಡಗಿದ. ಎಲ್ಲರೊಡನೆ ನಗುತ್ತಿದ್ದ. ನವರಾತ್ರಿಯ ಹೊತ್ತಿಗೆ ನಾನು ಠಾಣೆಯ ಮಾರುಕಟ್ಟೆಗೆ ಮೀನಿಗೆ ಹೋದಾಗ ಮಾವಶಿ ಕತ್ತಿ ಪಕ್ಕಕ್ಕಿಟ್ಟು ನನ್ನನ್ನು ಹತ್ತಿರ ಕರೆದರು.

"ತುಝಾ ಭಾವೂ ಬರಾ ಆಹೇ ನಾ?" ಅಣ್ಣ ಚೆನ್ನಾಗಿದ್ದಾನಲ್ಲ ಎಂದು ಕೇಳಿ, ಸುತ್ತ ನೋಡಿ ಸಣ್ಣ ದನಿಯಲ್ಲಿ ಮರಾಠಿಯಲ್ಲೇ ಹೇಳಿದರು, "ಅದೇ ತರದ ಶಂಖ ಇನ್ನೊಂದು ಬೇಕೆಂದು ಒಂದು ತಿಂಗಳಿಂದ ಬೆನ್ನು ಹತ್ತಿದ್ದ. ಮಗಳ ಕಾಲೇಜಿಗೆ ಅಂತ. ನಿನ್ನೆ ಬಲೆಯಲ್ಲಿ ಬಂತು, ಕೊಟ್ಟೆ. ಬರಣಿಯಲ್ಲಿ ಸಮುದ್ರದ ನೀರು ಹಾಕಿ ಒಯ್ದ. ಶ್ರೇಯಾ ಓದುವುದು ಕಾಮರ್ಸ್ ಅಲ್ಲವೇನೇ?"

ಮೀನು ಅಲ್ಲೇ ಬಿಟ್ಟು ಡೊಂಬಿವಲಿಯ ಗಾಡಿ ಹತ್ತಿದೆ.

ಅಂದು ಹೋಟೆಲಿಗೆ ರಜೆ. ಅಣ್ಣ ಗ್ಯಾಲರಿಯಲ್ಲಿ, ಒಣಗಲು ಹಾಕಿದ ಬಟ್ಟೆಗಳ ಹಿಂದೆ ಸ್ಟೂಲಿನ ಮೇಲೆ ಕೂತಿದ್ದ. ತೊಡೆಯ ಮೇಲೆ ಉಪ್ಪಿನಕಾಯಿಯ ಗಾಜಿನ ಬರಣಿ. ಒಳಗೆ ಹೆಂಚಿನ ಚಿತ್ತಾರದ ಚಿಪ್ಪು ಮೆಲ್ಲಗೆ ತೆವಳುತ್ತಿತ್ತು. ನನ್ನನ್ನು ನೋಡಿ ಅವನು ಅಡಗಿಸಲಿಲ್ಲ.

"ಕೂಗಬೇಡ. ಮಾವಶಿ ಹೇಳಿದಳಾ?"

"ಅಣ್ಣ, ಕೊಡು ಅದನ್ನು."

"ಸ್ವಲ್ಪ ಮಾರಾಯ್ತಿ. ಬೆರಳ ತುದಿ ಮುಟ್ಟಿಸಿ ತೆಗೆಯುದು. ಅದರಿಂದಲೇ ಮದ್ದು ಮಾಡ್ತಾರೆ ಅಂತ ಡಾಕ್ಟ್ರೇ ಹೇಳಿದ್ದಲ್ಲವಾ?"

"ಅವರು ಮಾಡಿದ್ದು ಒಂದು ಅಂಶ, ಕೂದಲೆಳೆಯಷ್ಟು ಅಳೆದು. ಇದು ಕೊಡುವಾಗ ಅಳೆದು ಕೊಡುತ್ತದಾ? ಇದರ ಮೇಲೆ ಲೇಬಲು ಉಂಟಾ? ನಾನು ದಿನಾ ಓದುವುದು ಅದನ್ನೇ."

"ನೀನು ಓದ್ತಿ" ಎಂದ ಅಣ್ಣ. "ನಾನು ಉರಿಯುತ್ತೇನೆ."

ಅವನು ಬರಣಿಯನ್ನೇ ನೋಡುತ್ತ ಹೇಳಿದ, "ಆವತ್ತು ಸ್ವಲ್ಪ ಹೊತ್ತು ಅಂಗಿ ಮೈಮೇಲೆ ಇತ್ತು ಸುಮಾ. ಬಟ್ಟೆ ಅಂದ್ರೆ ಎಷ್ಟು ಮೆತ್ತಗೆ ಇರ್ತದೆ ಅಂತ ನಾನು ಮರೆತೇ ಬಿಟ್ಟಿದ್ದೆ. ನಿಮಗೆಲ್ಲ ಆ ದಿನ ಸಾವು ಕಂಡಿತು. ನನಗೆ ಕಂಡದ್ದು ಆ ಬಟ್ಟೆ."

ಬಟ್ಟೆಗಳು ಸರಿದವು. ಅಮ್ಮ ನಿಂತಿದ್ದಳು, ಕೈಯಲ್ಲಿ ಸುಲಿದ ತೆಂಗಿನಕಾಯಿ. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ. ನಾನು ಕೂಗಾಟಕ್ಕೆ ಸಿದ್ಧಳಾದೆ. ಅವಳು ಕೂಗಲಿಲ್ಲ.

"ಮದ್ದು ಅಂದಿಯಾ ಮಗಾ?" ಎಂದಳು. "ಆವತ್ತು ನಾನೂ ಅದೇ ಮಾತು ಹೇಳಿದ್ದು. ಮದ್ದು ಮದ್ದು ಅಂತ ನಿನ್ನ ಬಾಯಿಗೆ ನೀರು ಹೊಯ್ದು ಕೊಲ್ಲುತ್ತಿದ್ದೆ. ಡಾಕ್ಟ್ರ ಹತ್ರವೂ ಅದನ್ನೇ ಹೇಳಿ ಕೊಲ್ಲುತ್ತಿದ್ದೆ. ಈಗ ನೀನು ಹೇಳ್ತಿದ್ದಿ."

ತೆಂಗಿನಕಾಯಿ ಕೆಳಗಿಟ್ಟು ಬರಣಿಗೆ ಕೈ ಹಾಕಿದಳು. ಅಣ್ಣ ಬಿಡಲಿಲ್ಲ. ಎಪ್ಪತ್ತರ ಮುದುಕಿಯೂ ಐವತ್ತರ ಮಗನೂ ಒಂದು ಉಪ್ಪಿನಕಾಯಿ ಬರಣಿಯನ್ನು ಎಳೆದಾಡಿದರು. ನೀರು ತುಳುಕಿ ಅವನ ಲುಂಗಿ ಒದ್ದೆಯಾಯಿತು. ಅವನು ಗೆಲ್ಲಬೇಕಿತ್ತು. ಆದರೆ ಗೆಲ್ಲಲು ಎರಡು ಕೈ ಬೇಕು. ಅವನ ಎಡಗೈ ಅಂಗಿಯನ್ನು ಬಿಡಲಾರದೆ ಅಲ್ಲೇ ಇತ್ತು. ಅಮ್ಮ ಅದನ್ನು ನೋಡಿದಳು, ಅವನೂ ನೋಡಿದ. ಬರಣಿ ಬಿಟ್ಟುಬಿಟ್ಟ. ಬಿಟ್ಟು, ಸ್ಟೂಲಿನ ಮೇಲೆ ಕೂತವನು ಚಿಕ್ಕ ಮಕ್ಕಳ ಹಾಗೆ ಅತ್ತ. ಅಮ್ಮ ಅವನ ಬಲ ಭುಜ ತಟ್ಟುತ್ತಿದ್ದಳು. ಎಡಗಡೆ ಮುಟ್ಟಬಾರದು ಎಂಬುದು ಅಂಥ ಹೊತ್ತಿನಲ್ಲೂ ಅವಳಿಗೆ ನೆನಪಿತ್ತು.

ಸಂಜೆ ಬರಣಿಯನ್ನು ಮಾವಶಿಗೆ ಹಿಂತಿರುಗಿಸಲು ನಾನೇ ಒಯ್ದೆ. ಅಮ್ಮ ಅದೇ ತೆಂಗಿನಕಾಯಿಯನ್ನು ಜೊತೆಗೆ ಕೊಟ್ಟಳು. "ಕಡಲಿಗೆ ಬಿಡುವಾಗ ಇದನ್ನೂ ಬಿಡ್ಲಿಕ್ಕೆ ಹೇಳು. ಅದರ ತಪ್ಪೆಂತ ಉಂಟು, ಅದರ ಬಾಯಿಗೆ ನಾವೇ ಬೆರಳು ಹಾಕಿದ್ದು." ಗಾಡಿಯ ಹೆಂಗಸರ ಡಬ್ಬಿಯಲ್ಲಿ ಬರಣಿಯ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕೂತೆ. ಎದುರಿನ ಹುಡುಗಿ ಬಗ್ಗಿ ನೋಡಿ, "ಕಿತ್ನಾ ಸುಂದರ್! ಶೋ-ಪೀಸ್ ಹೈ ಕ್ಯಾ ಆಂಟೀ?" ಎಂದು ಕೈ ಚಾಚಿದಳು. ನಾನು ಕೂಗಿದ್ದಕ್ಕೆ ಇಡೀ ಡಬ್ಬಿ ತಿರುಗಿತು. ಠಾಣೆ ಬರುವವರೆಗೆ ನನ್ನ ಪಕ್ಕ ಯಾರೂ ಕೂರಲಿಲ್ಲ. ಆ ಗಾಡಿಯಲ್ಲಿ ಅದೊಂದು ಪವಾಡವೇ.

ಮುಂದಿನ ವಾರ ಅಣ್ಣನನ್ನು ವಾಶಿಯಲ್ಲಿ ನೋವಿಗೆಂದೇ ಇರುವ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ನೋವಿಗೆಂದೇ ಡಾಕ್ಟರು ಇರುತ್ತಾರೆ ಎಂಬುದೇ ನಮಗೆ ಹೊಸತು. ಹಿರಿಯರು, ಮರಾಠಿಯವರು. "ಕಿತೀ ದುಖತಂಯ?" ಎಂದು ಕೇಳಿದರು, ಎಷ್ಟು ನೋಯುತ್ತದೆ ಎಂದು. ಅಮ್ಮ ದುಃಖ ಎಂದು ಕೇಳಿಸಿಕೊಂಡಳು. "ದುಃಖ ತುಂಬ ಉಂಟು ಡಾಕ್ಟ್ರೇ, ಮನೆಯವರಿಗೆಲ್ಲ ಉಂಟು" ಎಂದಳು. ನಾನು ತಿದ್ದಲು ಹೊರಟೆ. ಅಷ್ಟರಲ್ಲಿ ಅಣ್ಣ, "ಸರಿಯಾಗೇ ಹೇಳಿದ್ದಾಳೆ, ಬಿಡು" ಎಂದ.

ಅಣ್ಣ ಶಂಖದ ಕತೆಯನ್ನು ಏನೂ ಮುಚ್ಚದೆ ಹೇಳಿದ, ಬರಣಿಯದನ್ನೂ. ಡಾಕ್ಟರು ಬೈಯಲಿಲ್ಲ. "ನೋವು ಮನುಷ್ಯನಿಂದ ಏನೆಲ್ಲ ಮಾಡಿಸುತ್ತದೆ ನೋಡಿದ್ದೇನೆ" ಎಂದರು. ಆ ಹುಳದ ಔಷಧಿ ನಿಮಗೆ ಬೇಕಾಗಿಲ್ಲ, ಅದಕ್ಕಿಂತ ಮೊದಲು ಮಾಡಬೇಕಾದದ್ದು ಬಹಳ ಇದೆ, ಯಾರೂ ಮಾಡಿಲ್ಲ ಎಂದರು. ಪಕ್ಕೆಯ ನರದ ಬುಡಕ್ಕೆ ಸೂಜಿ ಕೊಟ್ಟರು, ಹಳೆಯ ಮಾತ್ರೆ ಬದಲಿಸಿದರು, ಪಕ್ಕೆಗೆ ಅಂಟಿಸುವ ಮರಗಟ್ಟಿಸುವ ಪಟ್ಟಿ ಬರೆದುಕೊಟ್ಟರು. ಪೂರ್ತಿ ಹೋಗುತ್ತದೆ ಎಂದು ಅವರು ಹೇಳಲಿಲ್ಲ. ಎದ್ದು ಬರುವಾಗ ಅಣ್ಣ, "ಆ ಹುಳದಿಂದ ಮುಂದೆ ಒಳ್ಳೆ ಔಷಧಿ ಬಂದ್ರೆ ನನ್ನ ಹೆಸರು ಮೊದಲು ಬರೆದುಕೊಳ್ಳಿ ಡಾಕ್ಟ್ರೇ, ನಮ್ಮದು ಹಳೇ ಪರಿಚಯ" ಎಂದು ಹಿಂದಿಯಲ್ಲಿ ಹೇಳಿ ಅವರನ್ನು ನಗಿಸಿದ.

ಉರಿ ಒಮ್ಮೆಗೇ ಇಳಿಯಲಿಲ್ಲ. ಎರಡನೆಯ ಸೂಜಿಯಾದ ಮೇಲೆ, ದೀಪಾವಳಿ ಕಳೆದ ಒಂದು ಶನಿವಾರ ನಾನು ಅಲ್ಲಿ ಉಳಿದಿದ್ದಾಗ, ಅಣ್ಣ ಟಿ.ವಿ. ನೋಡುತ್ತಲೇ ಹೊರಕೋಣೆಯ ಸೋಫಾದಲ್ಲಿ ನಿದ್ದೆ ಹೋದ. ಎಡಗೈ ಜಾರಿ ಕೆಳಗೆ ಬಿದ್ದಿತ್ತು. ಅಂಗಿ ಪಕ್ಕೆಯ ಮೇಲಿತ್ತು.

ನಮಗೆ ಸಂತೋಷವಾಗಬೇಕಿತ್ತು. ಅತ್ತಿಗೆ ಬಂದು ಅವನ ಮೂಗಿನ ಹತ್ತಿರ ಕೈ ಹಿಡಿದರು. ಸ್ವಲ್ಪ ಹೊತ್ತಿಗೆ ಅಮ್ಮ ಬಂದಳು. ಆಮೇಲೆ ನಾನು. ಅವನಿಗೆ ನೋವಿಲ್ಲದಿರುವುದನ್ನು ನಾವು ಹಿಂದೆ ಒಂದೇ ಸಲ ನೋಡಿದ್ದೆವು. ಬೆರಳು ನೋಡಿದೆವು, ರೆಪ್ಪೆ ನೋಡಿದೆವು. ಕೊನೆಗೆ ಶ್ರೇಯಾ ಅವನ ಕಿವಿಯಲ್ಲಿ ಜೋರಾಗಿ, "ಪಪ್ಪಾ, ಜಿಂದಾ ಹೋ?" ಎಂದು ಕೇಳಿಯೇ ಬಿಟ್ಟಳು. ಅವನು ಬೆಚ್ಚಿ ಎದ್ದ. ಆ ದಿನದ ನಿದ್ದೆ ಅಲ್ಲಿಗೆ ಮುಗಿಯಿತು. "ನಿಮ್ಮ ಉಪದ್ರಕ್ಕಿಂತ ನಾಗಿಣವೇ ವಾಸಿ" ಎಂದು ಬೈದ. ಮುಂದಿನ ಶನಿವಾರವೂ ಹೀಗೇ. ಅವನಿಗೆ ನಿದ್ದೆ ಬರುತ್ತಿತ್ತು, ನಮಗೆ ಬರುತ್ತಿರಲಿಲ್ಲ. ನಾವು ಹೋಗಿ ಅವನದ್ದನ್ನೂ ಕೆಡಿಸುತ್ತಿದ್ದೆವು.

ಈಗ ಅವರ ಮನೆಯಲ್ಲಿ ಮರುವಾಯಿ ಮತ್ತೆ ಬೇಯುತ್ತದೆ. ತೊಳೆಯುವ ಮೊದಲು ಅಮ್ಮ ಚೀಲವನ್ನು ಇಕ್ಕಳದಲ್ಲಿ ಕೆದಕಿ ನೋಡುತ್ತಾಳೆ. ಆ ಹಬೆಯ ವಾಸನೆಗೆ ನನ್ನ ಕಣ್ಣು ಇಂದಿಗೂ ತಾನಾಗಿ ಗಡಿಯಾರದ ಕಡೆ ಹೋಗುತ್ತದೆ. ಆದರೆ ಆ ಕಾಲ ಮುಗಿದದ್ದು ಯಾವಾಗ ಎಂದು ಕೇಳಿದರೆ ನಾನು ಆಸ್ಪತ್ರೆಯಿಂದ ಬಂದ ದಿನ ಹೇಳುವುದಿಲ್ಲ. ಡಿಸೆಂಬರಿನ ಒಂದು ಭಾನುವಾರ ಹೇಳುತ್ತೇನೆ. ಡೊಂಬಿವಲಿಗೂ ಚಳಿ ಬಂದು ಫ್ಯಾನು ನಿಂತಿದ್ದ ದಿನ. ಕಣ್ಣು ಬಿಟ್ಟಾಗ ಹೊರಕೋಣೆಯ ತುಂಬ ಬಿಸಿಲಿತ್ತು. ಬಾಗಿಲಿನ ಹೊರಗೆ ಹಾಲಿನ ಚೀಲ ನೇತಾಡುತ್ತಲೇ ಇತ್ತು. ಪೇಪರಿನವನು ಗಂಟೆ ಒತ್ತಿದ್ದು, ಕೆಲಸದವಳು ಬಂದು ತಟ್ಟಿ ಹೋದದ್ದು, ಯಾವುದನ್ನೂ ಐದು ಜನರಲ್ಲಿ ಒಬ್ಬರೂ ಕೇಳಿರಲಿಲ್ಲ. ಯಾರೂ ಯಾರ ಮೂಗಿನ ಹತ್ತಿರವೂ ಕೈ ಹಿಡಿದಿರಲಿಲ್ಲ.

"ಅಯ್ಯೋ, ಏಳಿ ಏಳಿ! ಹಾ‍ಲೆಲ್ಲ ಹಾಳಾಯ್ತು!" ಎಂದು ಅಮ್ಮ ಗಾಬರಿಯಿಂದ ಎದ್ದು, ಅಣ್ಣನ ಕೋಣೆಗೆ ನುಗ್ಗಿ ಅವನ ಹೊದಿಕೆಗೆ ಕೈ ಹಾಕಿದಳು. ದಪ್ಪ ಚಾದರ, ಕುತ್ತಿಗೆಯವರೆಗೆ ಹೊದ್ದಿದ್ದ, ಎಡಗಡೆಯೂ.

ಅಣ್ಣ ಎರಡೂ ಕೈಯಿಂದ ಅದನ್ನು ಎಳೆದುಕೊಂಡು ಆ ಮಗ್ಗುಲಿಗೆ ತಿರುಗಿದ.

"ಚಾದರ ಬಿಡು ಅಮ್ಮ" ಎಂದ. "ಚಳಿ ಆಗ್ತದೆ."